ಸುಳ್ಳು ತೋಟಾ

ಬಿಂಗಾದ ಆಚೆ, ಒಣಗಿದ ಹೊಳೆಯ ಪಾತ್ರದಲ್ಲಿ
ತಗಡಿನ ಕಾಡುಕೋಣವೊಂದು ನಿಂತಿದೆ,
ಎದೆಯ ಜಾಗದಲ್ಲಿ ಸುಣ್ಣದ ಬೊಟ್ಟು.
ಅಕ್ಟೋಬರ್. ಮೊಪಾನೆ ಮರಗಳಲ್ಲಿ ಎಲೆಯಿಲ್ಲ.
ನೆರಳು ಬೇಕೆಂದರೆ ನಮ್ಮದೇ ನೆರಳು.

ಸಿಯಾಮುಲೋಮಾ ಕೋವಿ ಕೊಡುವುದು
ಹಸುಗೂಸನ್ನು ಕೊಟ್ಟಂತೆ, ಎರಡೂ ಕೈಯಲ್ಲಿ.
"ನಾನೂರ ಐವತ್ತೆಂಟು," ಅಂದ. "ಐದು ಕೇಜಿ.
ಹಗುರದ ಕೋವಿ ಹೊರಲು ಸುಖ, ಹೊಡೆಯಲು ನರಕ.
ಇದು ಅಷ್ಟಿಷ್ಟು ಒದೆತ ತಾನೇ ನುಂಗಿಕೊಳ್ಳುತ್ತೆ."
ನಾನೋ ಐವತ್ತೊಂದು ಕೇಜಿ, ಬೂಟು ಸೇರಿ.

ಮೊದಲ ಈಡು ನನ್ನನ್ನು ಕೂರಿಸಿತು.
ನಿಜವಾಗಿ. ಮರಳ ಮೇಲೆ, ಕಾಲು ಚಾಚಿ,
ಕಿವಿಯೊಳಗೆ ಜೀರುಂಡೆ, ಬಾಯೊಳಗೆ ಕಬ್ಬಿಣದ ರುಚಿ.
ಟ್ರಕ್ಕಿನ ಹತ್ತಿರ ಮುನ್ಸಾಕಾ
ನಗು ಅಡಗಿಸಲು ಟಯರು ಒದ್ದು ನೋಡಿದ.

ಮುದುಕ ನಗಲಿಲ್ಲ.
"ಭುಜಕ್ಕೂ ಕೋವಿಗೂ ನಡುವೆ ಬೆರಳಷ್ಟು ಸಂದು ಬಿಟ್ಟೆ.
ಆ ಸಂದಿನಲ್ಲೇ ಅದು ಓಡಿಬಂದು ಗುದ್ದೋದು.
ಅಂಟಿಕೊಂಡದ್ದು ತಳ್ಳುತ್ತೆ, ಅಷ್ಟೆ.
ದೂರ ಇಟ್ಟದ್ದು ಒದೆಯುತ್ತೆ.
ಗುಳಿಯೊಳಗೆ ಎಳೆದುಕೋ, ಮೂಳೆಗಲ್ಲ, ಮಾಂಸಕ್ಕೆ.
ಎಡಗಾಲು ಮುಂದೆ. ಮೊಣಕಾಲು ಸಡಿಲ.
ತುಂಬಿದ ಬಸ್ಸು ಈಗ ಬ್ರೇಕ್ ಹಾಕುತ್ತೆ ಅಂತ
ಗೊತ್ತಿರುವವಳ ಹಾಗೆ ನಿಲ್ಲು.
ಅದು ಬಂದಾಗ ಜೊತೆಗೆ ಹೋಗು,
ಹೋಗಿ ವಾಪಸ್ ಬಾ."

ಹೋಗಿ ವಾಪಸ್ ಬಂದೆ. ದಿನಕ್ಕೆ ಐದೇ ಈಡು.
ಆರನೆಯದು ಬೇಡಿದರೂ ಕೊಡುತ್ತಿರಲಿಲ್ಲ:
"ದಣಿದ ಭುಜ ಕೆಟ್ಟ ಪಾಠವನ್ನೇ ಬೇಗ ಕಲಿಯುತ್ತೆ."
ಕಿವಿಗೆ ಹತ್ತಿ, ಹತ್ತಿಯ ಮೇಲೆ ಮುಚ್ಚಿಗೆ.
"ಅರ್ಧ ಒದೆತ ಸದ್ದಿನದ್ದು, ಮಗಳೇ.
ಕಿವಿ ಹೆದರಿದ ಮೇಲೆ ಭುಜ ನಿನ್ನ ಮಾತು ಕೇಳುತ್ತಾ?"
ಹಳೆಯ ಟ್ಯೂಬು ಕತ್ತರಿಸಿ ಕೋವಿಯ ಬುಡಕ್ಕೆ ಕಟ್ಟಿದ.
ಮೂರು ಕೋಲಿನ ಆನಿಕೆಯ ಮೇಲೆ ನಿಂತೇ ಹೊಡೆಸಿದ,
ಮೇಜಿಗೊರಗಿ ಒಮ್ಮೆಯೂ ಇಲ್ಲ:
ಕೂತ ಮೈಗೆ ಸರಿಯಲು ಜಾಗವೆಲ್ಲಿ,
ಬಂದದ್ದನ್ನೆಲ್ಲ ಅದೇ ತಿನ್ನಬೇಕು.

ರಾತ್ರಿ ಅಂಗಿ ಸರಿಸಿ ನೋಡಿಕೊಂಡರೆ
ಭುಜದ ತುಂಬ ಒಂದು ಸರೋವರ,
ನಡುವೆ ನೇರಳೆ, ಆಮೇಲೆ ಹಸಿರು, ಹಳದಿ ದಡ.
ಅವ್ವ ಕಪೆಂಟಾ ಮೀನು ಹುರಿಯುತ್ತ ಕೇಳಿದಳು:
"ಯಾರು ಹೊಡೆದರು?"
"ನಾನೇ."

ಒಂಬತ್ತನೆಯ ದಿನ ಅವನೇ ತುಂಬಿ ಕೊಟ್ಟ,
ನನಗೆ ಕಾಣದಂತೆ ಬೆನ್ನು ತಿರುಗಿಸಿ.
ಗುರಿ. ಉಸಿರು. ಬೆರಳು.

ಟಿಕ್.

ಮದ್ದಿಲ್ಲದ ತೋಟಾ. ಸದ್ದಿಲ್ಲ, ಒದೆತವಿಲ್ಲ.
ಆದರೂ ಕಣ್ಣು ಮುಚ್ಚಿತ್ತು, ನಳಿಗೆ ಬಗ್ಗಿತ್ತು,
ಇಲ್ಲದ ಪೆಟ್ಟಿಗೆ ಎದುರಾಗಿ ಭುಜ ನುಗ್ಗಿತ್ತು.
ಯಾರೂ ಹೊಡೆಯದೆ ಬೆಚ್ಚಿದವಳನ್ನು
ತಗಡಿನ ಕೋಣ ನೋಡುತ್ತಲೇ ಇತ್ತು.
"ಇದು ಕೋವಿಯದ್ದಲ್ಲ," ಅಂದ ಮುದುಕ. "ಇದು ನಿನ್ನದು."

ಮಾರನೆಯ ದಿನ ಅವನು ನೀರು ಕುಡಿಯಲು ಹೋದಾಗ
ಅವನ ಕೋವಿಗೆ ನಾನೊಂದು ಸುಳ್ಳು ತುಂಬಿದೆ.

ಎತ್ತಿದ. ನಲವತ್ತು ವರ್ಷ ಪೆಟ್ಟು ತಿಂದ ಬಲಭುಜ
ಎಡದಕ್ಕಿಂತ ಎರಡು ಬೆರಳು ಕೆಳಗೆ.

ಟಿಕ್.

ನಳಿಗೆಯ ತುದಿ ಬಾಗಿತು.
ಕೂದಲೆಳೆಯಷ್ಟೇ ಎಂದು ಹೇಳಲೆ? ಇಲ್ಲ,
ಹೆಬ್ಬೆರಳಷ್ಟು. ಕಣ್ಣಾರೆ ಕಂಡೆ.

ಬೈಯುತ್ತಾನೆಂದುಕೊಂಡೆ. ತೋಟಾ ತೆಗೆದು
ಅಂಗೈಯಲ್ಲಿ ಉರುಳಿಸುತ್ತ ನಿಂತ.
"ಚಿಜಾರಿರಾ ಗುಡ್ಡದಲ್ಲಿ ಆನೆ ಮೇಲೆ ಬಂತು.
ಎರಡು ಈಡು ಹೊಡೆದೆ, ಒದೆತ ಗೊತ್ತೇ ಆಗಲಿಲ್ಲ.
ಆ ರಾತ್ರಿ ಗಾಳಿಗೆ ಬಾಗಿಲು ದಬ್ ಎಂದಾಗ ಗೊತ್ತಾಯಿತು."
ಸ್ವಲ್ಪ ಹೊತ್ತು ಬಿಟ್ಟು,
"ಇನ್ನೊಂದು ತುಂಬು. ಯಾವುದು ಅಂತ ಹೇಳಬೇಡ."

ಬಿಸಿಲು ಇಳಿಯುವವರೆಗೆ
ಒಬ್ಬರ ಕೋವಿಗೆ ಒಬ್ಬರು ತುಂಬಿಕೊಟ್ಟೆವು.
ಟ್ರಕ್ಕಿನ ನೆರಳಲ್ಲಿ ಕೂತು ಮುನ್ಸಾಕಾ
ಮರಳ ಮೇಲೆ ಗೀಟು ಹಾಕುತ್ತಿದ್ದ:
ಐದು ನಿಜ,
ಹನ್ನೆರಡು ಸುಳ್ಳು.