ಎರಡೂವರೆಯಿಂದ ಮೂರು

ತಿಂಗಳಿಗೆರಡು ಸಲ, ತಲೆಗೆ ಅರ್ಧ ಗಂಟೆ,
ಮೂವತ್ತೊಂದು ತಲೆ ನನ್ನ ಪಾಲಿಗೆ.
ಕೆಂಟಕಿಯ ಪೂರ್ವದ ಅಂಚು, ಚಿಕ್ಕ ಕಾಲೇಜು,
ಗ್ರಂಥಾಲಯದ ನೆಲಮಾಳಿಗೆ, ಬಾಯ್ಲರಿನ ಪಕ್ಕದ ಕೋಣೆ.
ಎರಡು ಕುರ್ಚಿ, ಒಂದು ಮೇಜು, ಒಂದು ಡಬ್ಬ ಟಿಶ್ಯೂ.
ಅದನ್ನು ಕಣ್ಣಿಗೆ ಹೊಡೆಯುವ ಹಾಗೂ ಇಡಬಾರದು,
ಕೈಗೆಟುಕದ ಹಾಗೂ ಇಡಬಾರದು:
ಹದಿನೇಳು ವರ್ಷದಲ್ಲಿ ಖಚಿತವಾಗಿ ಕಲಿತದ್ದು ಇಷ್ಟೇ.

ಇವತ್ತು ಟ್ರೆವನ್ ಮುಲಿನ್ಸ್. ಎರಡನೇ ವರ್ಷ.
ಬಾಗಿಲಲ್ಲೇ ಟೋಪಿ ತೆಗೆದ. ಕೂದಲು
ಟೋಪಿಯ ಆಕಾರದಲ್ಲೇ ನಿಂತಿತ್ತು.
ಕೂತ, ಕುರ್ಚಿಯ ತುದಿಯಲ್ಲಿ,
ಬಸ್ಸು ಬಂದರೆ ಓಡಬೇಕಾದವನಂತೆ.

ಫಾರಂ ಹೇಳುತ್ತದೆ, ಮೊದಲು ಕೇಳು: ಓದು ಹೇಗಿದೆ.
"ಪರವಾಗಿಲ್ಲ."
ಆಮೇಲೆ ಕೇಳು: ನಿದ್ದೆ, ಊಟ, ಮನೆ.
"ಪರವಾಗಿಲ್ಲ, ಮಿಸ್ ಡೆಲ್ಫಾ."
ಆಮೇಲೆ: ಸೇವೆಯ ಗಂಟೆಗಳು.
ಇಲ್ಲಿ ಅವನು ಟೋಪಿ ತಿರುಗಿಸತೊಡಗಿದ,
ಇಕ್ಕಟ್ಟಿನಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುವವನು
ಸ್ಟಿಯರಿಂಗ್ ತಿರುಗಿಸುವ ಹಾಗೆ.

ಬುಧವಾರ ನಾಲ್ಕರಿಂದ ಆರು, ಸೀಡರ್ ಫೋರ್ಕ್ ವೃದ್ಧಾಶ್ರಮ.
ಹನ್ನೊಂದನೇ ಕೋಣೆಯ ಆರ್ವಿಲ್ ಸ್ಟಿಡಮ್
ನನಗೂ ಗೊತ್ತು, ಇವನ ಬಾಯಿಂದ:
ಬೆಟ್ಟದ ಹೊಟ್ಟೆಯೊಳಗೆ ಮೂವತ್ತಾರು ವರ್ಷ ಕಲ್ಲಿದ್ದಲು ಅಗೆದು
ಈಗ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡವನು,
ಚೆಕರ್ಸ್ ಆಟದಲ್ಲಿ ಕಣ್ಣೆದುರೇ ಮೋಸ ಮಾಡಿ
ಸಿಕ್ಕಿಬಿದ್ದರೆ ಕಿವುಡಾಗುವವನು.
ಕಣ್ಣು ಮಂಜು. ಊರಿನ ವಾರಪತ್ರಿಕೆ ಬುಧವಾರ ಬರುತ್ತದೆ.
"ಯಾರ್ಯಾರು ಹೋದರೋ ಓದು ಮರಿ" ಅನ್ನುತ್ತಿದ್ದ.
ಹುಡುಗ ಓದುತ್ತಿದ್ದ. ಒಂದೊಂದು ಹೆಸರಿಗೂ ಮುದುಕ
ಪತ್ರಿಕೆ ಅಚ್ಚು ಹಾಕದ ಒಂದು ಸಾಲು ಸೇರಿಸುತ್ತಿದ್ದ:
"ಅವನಾ? ನನಗೆ ಇಪ್ಪತ್ತು ಡಾಲರ್ ಬಾಕಿ."
"ಅವಳ ಸೇಬಿನ ಕಡುಬಿದ್ದ ಭಾನುವಾರ
ಪಾದ್ರಿಯ ಪ್ರವಚನ ಮೊಟಕು."

"ಈ ತಿಂಗಳು ಎಂಟು ಗಂಟೆ ಬರೆದಿದ್ದೀನಿ."
"ನೋಡಿದೆ."
"ಅದರಲ್ಲಿ ಆರು ಸುಳ್ಳು."
ಬಾಯ್ಲರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಎರಡನೇ ಬುಧವಾರ ಹೋದಾಗ ಹಾಸಿಗೆ ಮಡಿಕೆ ಮುರಿಯದೆ ಹಾಸಿತ್ತು.
ಕುಟುಂಬದವನಾ ಅಂತ ನರ್ಸ್ ಕೇಳಿದರು. ಅಲ್ಲ ಅಂದೆ.
ಹಾಗಾದರೆ ಏನೂ ಹೇಳುವಂತಿಲ್ಲ ಅಂದರು,
ಹಾಗನ್ನುತ್ತಲೇ ಹೇಳಿಬಿಟ್ಟರು.
ಕಾರಿಗೆ ಬಂದು ಕೂತೆ. ಕೀಲಿ ತಿರುಗಿಸೋಕಾಗಲಿಲ್ಲ.
ಪತ್ರಿಕೆ ಪಕ್ಕದ ಸೀಟಲ್ಲಿತ್ತು.
ಆರರ ತನಕ ಓದಿದೆ. ಗಟ್ಟಿಯಾಗಿ.
ಮುಂದಿನ ಬುಧವಾರವೂ, ಅದೇ ಕಾರು ನಿಲ್ಲಿಸೋ ಜಾಗ.
ಅದರಾಚೆ ವಾರ ಅವರದ್ದೇ ಬಂತು. ನಾಲ್ಕು ಸಾಲು.
ಓದಿ ನಿಲ್ಲಿಸಿದೆ, ಮಿಸ್ ಡೆಲ್ಫಾ,
ಅವರು ಸೇರಿಸೋ ಸಾಲಿಗೆ ಕಾದೆ."

ನಾನೀಗ ಹೇಳಬೇಕಾದ್ದು ಎರಡು.
ಸುಳ್ಳು ಗಂಟೆಗೆ ವಿದ್ಯಾರ್ಥಿವೇತನ ಕತ್ತರಿಸಬಹುದು: ನಿಯಮ.
ಮೇಲಿನ ಮಹಡಿಯಲ್ಲಿ ಆಪ್ತಸಲಹೆಗಾರರಿದ್ದಾರೆ: ಹಳದಿ ಕಾರ್ಡು.
ಎರಡೂ ನಿಜ. ಎರಡೂ ನಾಲಿಗೆಯ ತುದಿಗೆ ಬಂದು
ಒಂದನ್ನೊಂದು ತಳ್ಳಿಕೊಂಡು ನಿಂತವು.
"ನೀನೇ ಸೇರಿಸು" ಅಂದೆ. "ಆ ಸಾಲು."

ಬಹಳ ಹೊತ್ತು ಟೋಪಿ ನೋಡಿದ.
"ಆರ್ವಿಲ್ ಸ್ಟಿಡಮ್?" ಅಂದ, ದನಿ ದಪ್ಪ ಮಾಡಿ,
"ಆ ಕಳ್ಳ ನನ್ನ ಎರಡು ರಾಜರನ್ನ
ಅಂಗಿ ತೋಳಲ್ಲಿ ಇಟ್ಟುಕೊಂಡೇ ಹೋದ."
ನಕ್ಕ. ನಗು ಅರ್ಧದಲ್ಲಿ ದಾರಿ ತಪ್ಪಿತು.

ಫಾರಮ್ಮಿನಲ್ಲಿ ಮೂರು ಕಲಂ: ನೇರ ಸೇವೆ, ತರಬೇತಿ, ಚಿಂತನೆ.
ಪೆನ್ನು ಮೂರರ ಮೇಲೂ ಓಡಾಡಿತು.
ಎಂಟನ್ನು ಹೊಡೆದು ಎರಡು ಬರೆದೆ.
ಉಳಿದ ಆರು ಗಂಟೆ
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಸರಿ ಮಾಡಿದೆನೋ ಇಲ್ಲವೋ, ಇನ್ನೂ ಗೊತ್ತಿಲ್ಲ.
ಅವನೇನೂ ಬೇಸರಪಡಲಿಲ್ಲ; ಹಗುರಾದಂತೆ ಕಂಡ.
"ಏಪ್ರಿಲಿನಲ್ಲಿ ತೊರೆಯ ಕಸ ಹೆಕ್ಕಿ ತುಂಬಿಕೊಡ್ತೀನಿ.
ಅಲ್ಲಿ ಯಾರೂ ಸಾಯೋದಿಲ್ಲ."

ಮೂರೂ ಹತ್ತು. ಹಳದಿ ಕಾರ್ಡು ಅವನ ಜೇಬಿಗೆ ಹೋಯಿತು.
ಮುಂದಿನ ಹುಡುಗಿ ಆಗಲೇ ಬಾಗಿಲು ತಟ್ಟುತ್ತಿದ್ದಳು.
ಡಬ್ಬವನ್ನು ಅದರ ಜಾಗಕ್ಕೆ ಸರಿಸೋಣವೆಂದು ನೋಡಿದರೆ
ಅದು ಮೇಜಿನ ನನ್ನ ಕಡೆಗಿತ್ತು.