ಬೋಜಕಾರ್ತಿ

ಮಾರ್ಚ್ ಇಪ್ಪತ್ತೆರಡು. ತಿತಿಮತಿ.
ಆನೆ ಊರಿ ಹೋದ ಹೆಜ್ಜೆಯೊಳಗೆ
ಹೂಮಳೆಯ ನೀರು ಅರ್ಧ ಗೇಣು,
ನೀರೊಳಗೆ ನಲವತ್ತೋ ಐವತ್ತೋ ಗೊದಮೊಟ್ಟೆ.
ಥರ್ಮಾಮೀಟರಿನ ತುದಿ ಅದ್ದಿ ಕೂತೆ.
ಹತ್ತು ಗಂಟೆಗೆ ಇಪ್ಪತ್ತೊಂಬತ್ತು,
ಹನ್ನೆರಡಕ್ಕೆ ಮೂವತ್ತನಾಲ್ಕು,
ಎರಡೂವರೆಗೆ ಬೊಳಕ ಬೆರಳಿಟ್ಟು ನೋಡಿ ಹೇಳಿದ:
"ಮೀಯಬಹುದು ಅಕ್ಕ, ಸೌದೆ ಬೇಡ."

ಶೀತರಕ್ತ ಅಂತ ಬರೆದದ್ದು ಪಾಠದ ಪುಸ್ತಕ.
ಇವುಗಳ ರಕ್ತ ತಣ್ಣಗೂ ಇಲ್ಲ, ಬಿಸಿಯೂ ಇಲ್ಲ;
ಮೈಯೊಳಗೆ ಒಲೆ ಹೂಡಿಲ್ಲ, ಅಷ್ಟೆ.
ಗುಂಡಿ ಏನನ್ನುತ್ತದೋ ಅದೇ ಮೈಯ ಮಾತು.
ನೆರಳಿಗೆ ಓಡೋಣವೆಂದರೆ
ಕಾಲು ಇನ್ನೂ ಮೂಡಿಲ್ಲ.

ಬಿಸಿ ಏರಿದಾಗ ಮೊದಲು ಕೆಡುವುದು ಮಡಿಕೆ.
ಪ್ರೋಟೀನೆಂದರೆ ಉದ್ದನೆಯ ದಾರ,
ಮಡಿಸಿದ ಹಾಗೆ ಕೂತರೆ ಮಾತ್ರ ಕೆಲಸ;
ಜಾರಿದರೆ ಒಂದಕ್ಕೊಂದು ಅಂಟಿ
ಬೆಂದ ಮೊಟ್ಟೆಯ ಬಿಳಿ.
ಆಗ ಜೀವಕೋಶ ಕೈಯಲ್ಲಿದ್ದದ್ದೆಲ್ಲ ಕೆಳಗಿಟ್ಟು
(ಬಾಲ ಬೆಳೆಸುವುದು, ಕಾಲು ಮೂಡಿಸುವುದು, ಎಲ್ಲ)
ಒಂದೇ ಬಗೆಯ ಕೆಲಸದವರನ್ನು ಕರೆಸುತ್ತದೆ.
ಶಾಖಾಘಾತ ಪ್ರೋಟೀನು, ತೂಕ ಎಪ್ಪತ್ತು.
ನಾಲಿಗೆಗೆ ಹತ್ತದ ಹೆಸರು.
ನೋಟ್‌ಬುಕ್ಕಿನ ಅಂಚಲ್ಲಿ ನಾನು ಬರೆದುಕೊಂಡದ್ದು
ಚೋಂದಕ್ಕಿ ಮಾಮಿ.

ಹುದಿಕೇರಿ ಕಡೆಯ ಹದಿನೇಳು ಮದುವೆಗಳಲ್ಲಿ
ಮಾಮಿ ಬೋಜಕಾರ್ತಿಯಾಗಿ ನಿಂತವಳು.
ನಮ್ಮ ಸೀರೆಯ ನೆರಿಗೆ ಬೆನ್ನ ಕಡೆಗೆ,
ಉಟ್ಟವಳಿಗೆ ಕಾಣುವುದಿಲ್ಲ,
ಹಿಂದೆ ನಿಂತವಳಿಗೇ ಗೊತ್ತು.
ಬಾವಿಯಿಂದ ಕೊಡ ಹೊತ್ತು ಮದುಮಗಳು ಬರುವಾಗ
ಗಂಡಿನ ಕಡೆಯವರು ದಾರಿಗಡ್ಡ ಕುಣಿಯುತ್ತಾರೆ.
ಒಂದಡಿ ಬಿಡುತ್ತಾರೆ, ಮತ್ತೆ ತಡೆಯುತ್ತಾರೆ,
ವಾಲಗ ಏರುತ್ತದೆ, ಗಂಟೆ ಎರಡಾಗುತ್ತದೆ,
ತಲೆಯ ಮೇಲಿನ ನೀರು ತುಳುಕಬಾರದು.
ಮಾಮಿ ಜಾರಿದ ನೆರಿಗೆ ಒಂದೊಂದೇ
ಎತ್ತಿ, ಸಿಕ್ಕಿಸಿ, ಸೊಂಟಕ್ಕೆ ಅಂಗೈ ಕೊಟ್ಟು
"ಇನ್ನೊಂದೇ ವಾಲಗ, ಕುಂಞಿ."
ಫೋಟೋಗಳಲ್ಲಿ ಮಾಮಿ ಇಲ್ಲ.
ಇದ್ದರೆ ಒಂದು ಮೊಣಕೈ, ಕೊಡೆಯ ಅಂಚು.

ಪೊನ್ನಂಪೇಟೆಯ ಲ್ಯಾಬಿನಲ್ಲಿ ಎರಡು ತೊಟ್ಟಿ.
ಒಂದಕ್ಕೆ ಮುನ್ನಾದಿನ ತಾಸು ಹೊತ್ತು ಮೂವತ್ತೈದರ ಬಿಸಿ,
ಇನ್ನೊಂದಕ್ಕೆ ಬರೀ ಮುದ್ದು.
ಮರುದಿನ ಎರಡಕ್ಕೂ ನಲವತ್ತು.
ಮುದ್ದಿನವು ಇಪ್ಪತ್ತರಲ್ಲಿ ಮೂರು ಉಳಿದವು,
ಬಿಸಿ ಕಂಡವು ಹದಿನಾರು.
ಕುಣಿದೆ ಅಂತಲೇ ಹೇಳಬೇಕು. ವಾಲಗ ಇರಲಿಲ್ಲ.

"ಹಂಗಾದರೆ ಹದಿನಾರನ್ನೂ
ನಾಳೆ ಬೆಳಿಗ್ಗೆ ಗುಂಡಿಗೆ ಬಿಡುವುದಾ ಅಕ್ಕ?"
ಅವು ಆಗಲೇ ದ್ರವ ಸಾರಜನಕದಲ್ಲಿದ್ದವು.
ಅರೆದು, ಸೋಸಿ, ಜೆಲ್ಲಿನಲ್ಲಿ ಓಡಿಸಿದರೆ
ಎಪ್ಪತ್ತರ ನೇರಕ್ಕೆ ಒಂದು ಕಪ್ಪು ಗೆರೆ.
ತೋರಿಸಿದೆ. ಬೊಳಕ ಬಾಗಿ, ಕಣ್ಣು ಕಿರಿದು ಮಾಡಿ,
ತುಂಬ ಹೊತ್ತು ನೋಡಿದ.
"ಗಟ್ಟಿ ಇದ್ದವು ಅಂತ ಇದು ಹೇಳುತ್ತದಾ?"
ಹೌದು ಅಂದೆ.
ಇದ್ದವು ಎಂಬ ಮಾತು ಬಾಯಲ್ಲೇ ಉಳಿಯಿತು.

ಭಾನುವಾರ ಮಾಮಿಗೆ ಹೇಳಿದೆ,
ನಿನ್ನ ಹೆಸರು ಗೊದಮೊಟ್ಟೆಯೊಳಗಿನ ಒಂದಕ್ಕಿಟ್ಟಿದ್ದೇನೆ, ತೂಕ ಎಪ್ಪತ್ತು.
"ಎಪ್ಪತ್ತು ಆಗಿನ ಮಾತು, ಈಗ ಎಂಬತ್ತೆರಡು,"
ನಕ್ಕು, ಅಕ್ಕಿ ಕೇರುತ್ತ, ಆಮೇಲೆ ಮೊರ ನಿಲ್ಲಿಸಿ:
"ಅಷ್ಟು ಹೊತ್ತು ಹಿಡಿದರೆ ಅದರ ಕೈ ಸೋಲುವುದಿಲ್ಲವಾ?"
ಸೋಲುತ್ತದೆ ಮಾಮಿ.
ದಿನಾ ಬಿಸಿ ಕಂಡ ಮೂರನೇ ತೊಟ್ಟಿಯವು ಸಾಯಲಿಲ್ಲ,
ಬೆಳೆಯಲೂ ಇಲ್ಲ.
ಅಕ್ಕಿಕಾಳಿನಷ್ಟು ಕಪ್ಪೆಗಳು, ಹಾರಲು ಹೋಗಿ ಮಗುಚುತ್ತಿದ್ದವು.

ಏಪ್ರಿಲ್ ಮೂರು. ಮತ್ತೆ ಅದೇ ಹೆಜ್ಜೆ, ನೀರು ನಾಲ್ಕು ಬೆರಳು.
ಎರಡೂವರೆಗೆ ಅದ್ದಿದರೆ ಮೂವತ್ತೊಂದು.
ಮತ್ತೆ ಅದ್ದಿದೆ. ಮೂವತ್ತೊಂದೇ.
ಗುಂಡಿಯ ಮೇಲೆ ಎರಡು ತೇಗದ ಎಲೆ,
ಕಡ್ಡಿ ಊರಿ, ಗಾಳಿಗೆ ಹಾರದ ಹಾಗೆ.
ಬೊಳಕ ದೂರದಲ್ಲಿ ಬೆನ್ನು ತಿರುಗಿಸಿ
ಬೀಡಿ ಹುಡುಕುತ್ತಿದ್ದ, ಇದ್ದ ಒಂದೇ ಜೇಬಿನಲ್ಲಿ.

ಆ ದಿನದ ಕಾಲಂ ಖಾಲಿ ಬಿಟ್ಟಿದ್ದೇನೆ.