ಇಲ್ಲದ ಕಾಳು

ಬೆಳಗ್ಗೆ ಎದ್ದು ಕೂತರೆ ನನ್ನ ಬಲಗೈ
ನನ್ನನ್ನು ಕೇಳದೆ ಕೆಲಸಕ್ಕೆ ಇಳಿದಿರುತ್ತೆ:
ಹೆಬ್ಬೆರಳು, ತೋರುಬೆರಳು
ಇಲ್ಲದ ಅವರೆಕಾಳು ಹಿದುಕುತ್ತಿರುತ್ತವೆ.

ಮಾತ್ರೆ ಉರುಳಿಸುವ ನಡುಕ ಅಂದರು ಡಾಕ್ಟರು.
ಜನ್ಮದಲ್ಲಿ ನಾನು ಮಾತ್ರೆ ಉರುಳಿಸಿದವನಲ್ಲ ಸ್ವಾಮಿ,
ಶ್ರೀರಾಮಪುರದ ರೈಲುಹಳಿ ಪಕ್ಕ
ಮೂವತ್ತೆಂಟು ವರ್ಷ ಉರುಳಿಸಿದ್ದು ಮುದ್ದೆ.

ಹನ್ನೆರಡೂವರೆಗೆ ಮೊದಲ ಪಂಕ್ತಿ.
ಮಿಲ್ಲಿನ ಪಾಳಿ ಮುಗಿಸಿದವರು, ಗಾರೆಯವರು,
ಹೊಸಬ ಯಾವನಾದರೂ ಅಗಿಯಲು ಹೋದರೆ
ಗಲ್ಲಾಪೆಟ್ಟಿಗೆಯಿಂದಲೇ ಕೂಗುತ್ತಿದ್ದೆ:
"ಯಜಮಾನ್ರೇ, ಅಗೀಬಾರ್ದು, ನುಂಗ್ಬೇಕು!"

ಈಗ ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ
ವಿಮಲಾ ಥೆರೇಸಾ ಅನ್ನುವ ಹುಡುಗಿ
ನನಗೆ ನುಂಗುವುದನ್ನು ಕಲಿಸುತ್ತಾಳೆ.
(ಅಂಥದೊಂದು ನೌಕರಿ ಇದೆ ಅಂತ ಗೊತ್ತಿರಲಿಲ್ಲ.)
ನೆಟ್ಟಗೆ ಕೂರಿ. ಚಿಕ್ಕ ತುತ್ತು. ಚೆನ್ನಾಗಿ ಅಗಿಯಿರಿ.
ಗದ್ದ ಎದೆಯ ಕಡೆಗೆ ತಗ್ಗಿಸಿ.
ಈಗ ನುಂಗಿ. ಇನ್ನೊಮ್ಮೆ, ಬರಿದೇ.
ಮೊಮ್ಮಗಳ ವಯಸ್ಸಿನವಳ ಮುಂದೆ
ತಲೆ ತಗ್ಗಿಸಿ ನುಂಗಿದೆ.

ಊಟದ ವಿಷಯ ಹೇಳುವ ಡಾಕ್ಟರಮ್ಮ ಬೇರೆ.
"ಮಾತ್ರೆಗೂ ಬೇಳೆಗೂ ಒಂದೇ ಬಾಗಿಲು ತಾತ.
ಜೊತೆಗೆ ಬಂದರೆ ಬೇಳೆ ನುಗ್ಗಿಬಿಡುತ್ತೆ,
ಮಾತ್ರೆ ಹೊಸ್ತಿಲಲ್ಲೇ ನಿಂತುಬಿಡುತ್ತೆ."
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದವನಿಗೆ
ಇಷ್ಟು ಅರ್ಥವಾಗದೆ ಇರುತ್ತದೆಯೇ.
ಏಳಕ್ಕೆ ಮಾತ್ರೆ. ಮುಕ್ಕಾಲು ಗಂಟೆ ಹೊಟ್ಟೆ ಖಾಲಿ.
ಹಗಲಿಗೆ ಅನ್ನ, ತರಕಾರಿ, ಹಣ್ಣು;
ಕಾಳು, ಮೊಸರು, ಮೊಟ್ಟೆ, ಬಾಡು
ಎಲ್ಲ ದೀಪ ಹಚ್ಚಿದ ಮೇಲೆ.

ಹೋದ ಭಾನುವಾರ ಯಾವ ಡಾಕ್ಟರಮ್ಮ ಅಂದುಕೊಂಡು
ಮಟಮಟ ಮಧ್ಯಾಹ್ನ ಬಾಡೂಟ ಹೊಡೆದೆ.
ಮೂರು ಗಂಟೆಗೆ ಬಚ್ಚಲ ಹೊಸ್ತಿಲಲ್ಲಿ
ಕಾಲು ನೆಲಕ್ಕೆ ಅಂಟಿಕೊಂಡಿತು.
ಮುಂದಕ್ಕಿಲ್ಲ, ಹಿಂದಕ್ಕಿಲ್ಲ, ಇಪ್ಪತ್ತು ನಿಮಿಷ.
ಆಗ ತಿಳಿಯಿತು ಆ ಮಾತ್ರೆಯ ಪಾಡು.

ದಿನಕ್ಕೆ ಎರಡು ಅಂಜೂರ, ಎಂಟು ಲೋಟ ನೀರು.
ಬೆಳಗಿನ ಆ ಸಂಕಟದ ಮಾತು ಬರೀಬೇಡಿ ಅಂದಳು
ನನ್ನವಳು, ಹೊನ್ನಗಂಗಮ್ಮ.
ಬರೆದಿದ್ದೀನಿ. ಮೆಸ್ಸಿನ ಹಳೇ ಸಾಲದ ಪುಸ್ತಕದಲ್ಲಿ,
ಸಾಲು ಶುರುವಾದಾಗ ಕಡಲೆಯಷ್ಟಿದ್ದ ಅಕ್ಷರ
ಮುಗಿಯುವಾಗ ಸಾಸಿವೆ. ಅವಳ ಕಣ್ಣಿಗೆ ಕಾಣೋದಿಲ್ಲ.

ಇನ್ನೊಂದು ಸಾಲವೂ ಇದೆ ಇಲ್ಲಿ.
ಮೂಗು ಕೈಗಿಂತ ಹತ್ತು ವರ್ಷ ಮೊದಲೇ
ಅಂಗಡಿ ಮುಚ್ಚಿತ್ತಂತೆ; ಯಾರಿಗೆ ಗೊತ್ತು?
"ಸಾರಲ್ಲಿ ಘಮವೇ ಇಲ್ಲವಲ್ಲೋ" ಅಂತ
ಒಲೆ ಮುಂದಿನ ಕಾಳಪ್ಪನ ಮೇಲೆ ಹಾರಾಡಿದ್ದೆ.
ಎರಡು ಸಲ ಬಿಟ್ಟು ಹೋದ. ಎರಡನೇ ಸಲ ಬರಲಿಲ್ಲ.
ಅವನ ಸಾರು ಸರಿಯಾಗಿಯೇ ಇದ್ದಿರಬೇಕು.

ಇವತ್ತು ಬೀದಿಯಲ್ಲಿ ತಳ್ಳುಗಾಡಿಯವನ ಕೂಗು.
ಮಾಗಿಯ ಚಳಿ, ಸೊನೆ ಅಂಟಿದ ಅವರೆಕಾಯಿ,
ನಡುಮನೆ ತುಂಬ ಹಾಸಿದ ಪೇಪರು.
ಸುಲಿದ ಕಾಳು ಮಧ್ಯಾಹ್ನವೆಲ್ಲ ನೀರಲ್ಲಿ ನೆನೆದವು.
ಸಂಜೆ ಪಾತ್ರೆ ನನ್ನ ಮುಂದಿಟ್ಟು
ಏನೂ ಹೇಳದೆ ಒಳಗೆ ಹೋದಳು.

ನಡುಗುವ ಕೈ ನೀರಿಗೆ ಇಳಿಯಿತು.
ಒಂದು ಕಾಳು ಸಿಕ್ಕಿತು. ನಿಜವಾದದ್ದು.
ಸಿಕ್ಕ ಗಳಿಗೆಯಲ್ಲಿ ನಡುಕ
ಬೇರೆ ಯಾರದೋ ಅನ್ನುವ ಹಾಗೆ ನಿಂತಿತು.
ಹಿದುಕಿದೆ. ಬೇಳೆ ಪುಳಕ್ಕನೆ ಹಾರಿ
ಕ್ಯಾಲೆಂಡರಿಗೆ ತಗುಲಿ ಬಿತ್ತು.
ಒಂದೂವರೆ ಗಂಟೆಗೆ ಒಂದು ಲೋಟ ಬೇಳೆ.
ನನ್ನ ಮೆಸ್ಸಿನಲ್ಲಾಗಿದ್ದರೆ
ನನ್ನನ್ನು ನಾನೇ ಕೆಲಸದಿಂದ ಬಿಡಿಸುತ್ತಿದ್ದೆ.

ಎಂಟಕ್ಕೆ ಮಾತ್ರೆ. ಒಂಬತ್ತಕ್ಕೆ
ನೆಲ್ಲಿಕಾಯಿ ಗಾತ್ರದ ಮುದ್ದೆಗಳು ಆರು,
ಮೇಲೆ ಹಿದುಕಿದ ಬೇಳೆ ಸಾರು.
ಎದುರಿಗೆ ಕೂತು ಕೇಳಿದಳು:
"ಸೊಗಡು ಹೆಂಗೈತೆ?"

ಮನೆಯೆಲ್ಲ ತುಂಬೈತೆ, ಅಂದೆ.
ಗದ್ದ ತಗ್ಗಿಸಿ
ನುಂಗಿದೆ.